ಫೋನಿನ ಹೆಸರುಪಟ್ಟಿ: ಅಳಿಸುವುದು ಯಾವುದನ್ನು, ಉಳಿಸುವುದು ಯಾವುದನ್ನು?

ತೋಟಕ್ಕೆ ಮದ್ದು ಬಿಡುವ ಕಾಲ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಕೃಷಿಕರು ಈಗ ಮೊಟ್ಟಮೊದಲು ಕೈಗೆತ್ತಿಕೊಳ್ಳುವ ಸಾಧನ ಫೋನು. ಮರ ಹತ್ತುವವರನ್ನು ಕರೆಯಿಸುವುದು, ಮೈಲುತುತ್ತಿನ ಕ್ರಯ ವಿಚಾರಿಸುವುದು, ಕೆಟ್ಟ ಪಂಪಿಗೆ ಮೆಕ್ಯಾನಿಕರನ್ನು ಹುಡುಕುವುದು, ಪುತ್ತೂರಿನಲ್ಲಿ ಅಡಿಕೆಯ ಧಾರಣೆ ಎಷ್ಟೆಂದು ಕೇಳುವುದು, ಇವೆಲ್ಲವೂ ಅದರ ಮೂಲಕವೇ ನಡೆಯುತ್ತವೆ. ಹಿಂದೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ ಹದಿನೈದಿಪ್ಪತ್ತು ನಂಬರುಗಳು ಒಂದು ಮನೆಗೆ ಸಾಕಾಗುತ್ತಿದ್ದವು. ಈಗ ಒಬ್ಬೊಬ್ಬರ ಫೋನಿನಲ್ಲಿಯೂ ನಾನೂರು ಐನೂರು ಹೆಸರುಗಳಿರುವುದು ಅಪರೂಪವಲ್ಲ. ಸೇರಿಸುವ ಕೆಲಸ ದಿನವೂ ನಡೆಯುತ್ತದೆ. ತೆಗೆಯುವ ಕೆಲಸ ಮಾತ್ರ ವರ್ಷಕ್ಕೊಮ್ಮೆಯೂ ನಡೆಯುವುದಿಲ್ಲ.

ಗೊಬ್ಬರ ಹಾಕುತ್ತ ಹೋಗಿ ಕಳೆ ಕೀಳದೆ ಬಿಟ್ಟ ತೋಟದ ಪಾಡು ಏನಾಗುವುದೆಂದು ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. ಹೆಸರುಪಟ್ಟಿಯ ಪಾಡೂ ಅದೇ. ಇನ್ನೊಂದು ಕಡೆ, ಕಳೆಯೆಂದು ಭಾವಿಸಿ ಗಿಡವನ್ನೇ ಕಿತ್ತು ಮತ್ತೆ ಮರುಗಿದವರೂ ನಮ್ಮಲ್ಲಿದ್ದಾರೆ. ಆದಕಾರಣ ಯಾವ ಹೆಸರನ್ನು ತೆಗೆಯಬೇಕು, ಹೇಗೆ ತೆಗೆಯಬೇಕು, ತಪ್ಪಿ ತೆಗೆದರೆ ಮರಳಿ ಪಡೆಯುವುದು ಹೇಗೆ ಎಂಬ ವಿಚಾರಗಳನ್ನು ಇಲ್ಲಿ ಕ್ರಮವಾಗಿ ತಿಳಿಸಲು ಉದ್ದೇಶಿಸಿದ್ದೇವೆ. ನಾವು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಬೆಳಗ್ಗೆ ಸಂಜೆ ತೋಟದವರು. ಯಂತ್ರಶಾಸ್ತ್ರ ಕಲಿತವರಲ್ಲ. ನಮ್ಮ ಮನೆಯಲ್ಲಿ ಆದ ನಷ್ಟವೇ ನಮಗೆ ಈ ಪಾಠವನ್ನು ಕಲಿಸಿತು.

ಕಳೆದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಹಟ್ಟಿಯಲ್ಲಿ ದನವೊಂದು ಕರು ಹಾಕಲಾರದೆ ಸಂಕಟಪಡುತ್ತಿತ್ತು. ಹೊರಗೆ ಧಾರಾಕಾರ ಮಳೆ. ನಾವು ದನದ ಬಳಿ ಇದ್ದೆವು, ಫೋನು ಮನೆಯೊಳಗಿತ್ತು. ‘ದನದ ಡಾಕ್ಟರಿಗೆ ಫೋನು ಮಾಡು’ ಎಂದು ತಂಗಿಯ ಮಗನಿಗೆ ಕೂಗಿ ಹೇಳಿದೆವು. ಹುಡುಗ ಹುಡುಕಿದಾಗ ಡಾಕ್ಟರ್ ಎಂಬ ಹೆಸರಿನಲ್ಲಿ ಒಂಬತ್ತು ಮಂದಿ ಕಂಡರು. ಮೂರು ನಂಬರುಗಳು ಚಾಲ್ತಿಯಲ್ಲೇ ಇರಲಿಲ್ಲ. ಒಬ್ಬರು ಹಲ್ಲಿನ ಡಾಕ್ಟರು. ಪಾಪ, ನಿದ್ದೆಯಿಂದ ಎದ್ದು ಮಾತಾಡಿದರು. ಇನ್ನೊಬ್ಬರು ದನದ ಡಾಕ್ಟರೇ ಹೌದು, ಆದರೆ ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿ ನಾಲ್ಕು ವರ್ಷವಾಗಿತ್ತು. ನಮಗೆ ಬೇಕಾದವರ ನಂಬರನ್ನು ನಾವು ಯಾವುದೋ ಅವಸರದಲ್ಲಿ ‘ಹೊಸ ಸಾರ್’ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆವು. ಅದು ಹುಡುಗನಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವರಿಗೆ ಸುದ್ದಿ ಮುಟ್ಟಿ, ಅವರು ಬರುವಾಗ ಮುಕ್ಕಾಲು ಗಂಟೆ ಹೆಚ್ಚೇ ಕಳೆದಿತ್ತು. ದನ ಉಳಿಯಿತು, ಕರು ಉಳಿಯಲಿಲ್ಲ. ನಂಬರು ಕೂಡಲೇ ಸಿಕ್ಕಿದ್ದರೆ ಕರು ಬದುಕುತ್ತಿತ್ತೆಂದು ಖಂಡಿತ ಹೇಳಲು ನಮ್ಮಿಂದಾಗದು. ಬದುಕುತ್ತಿರಲಿಲ್ಲವೆಂದು ಹೇಳಿ ಸಮಾಧಾನ ಪಡಲೂ ಆಗದು.

ಫೋನಿನಲ್ಲಿರುವ ಹೆಸರು ನಮ್ಮೊಬ್ಬರಿಗೆ ತಿಳಿದರೆ ಸಾಲದು, ಆಪತ್ತಿನ ವೇಳೆ ಮನೆಯ ಇನ್ನೊಬ್ಬರ ಕೈಗೂ ಅದು ಸಿಕ್ಕಬೇಕು ಎಂಬುದು ಆ ರಾತ್ರಿ ನಮಗೆ ಮನದಟ್ಟಾಯಿತು. ಹೆಸರುಪಟ್ಟಿಯನ್ನು ಶುದ್ಧಗೊಳಿಸುವುದರ ಮುಖ್ಯ ಉದ್ದೇಶ ಇದೇ.

ಹೆಸರುಗಳು ಎಲ್ಲಿ ಉಳಿದಿರುತ್ತವೆ?

ಕತ್ತಿ ಹಿಡಿಯುವ ಮೊದಲು ಬೇರು ಎಲ್ಲಿದೆಯೆಂದು ತಿಳಿದಿರಬೇಕು. ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಫೋನು. ಅದರಲ್ಲಿ ಹೆಸರು ಮತ್ತು ನಂಬರು ಮೂರು ಜಾಗಗಳಲ್ಲಿ ಇರಬಹುದು.

ಮೊದಲನೆಯದು ಸಿಮ್ ಕಾರ್ಡು. ಇದು ಹಳೆಯ ಕಾಲದ ಸಣ್ಣ ಪೆಟ್ಟಿಗೆ. ಸಾಮಾನ್ಯವಾಗಿ 250ರಷ್ಟು ಹೆಸರುಗಳು ಹಿಡಿಯುತ್ತವೆ. ಒಂದೊಂದು ಹೆಸರಿಗೂ ಜಾಗ ಬಹಳ ಕಡಿಮೆ. ಕನ್ನಡದಲ್ಲಿ ಬರೆದರೆ ಇಂಗ್ಲಿಷಿನಷ್ಟು ಅಕ್ಷರಗಳೂ ಹಿಡಿಯವು. ಸಿಮ್ಮಿನಲ್ಲಿಟ್ಟ ಹೆಸರು ಅರ್ಧದಲ್ಲಿ ತುಂಡಾಗಿ ಕಾಣುವುದಕ್ಕೆ ಕಾರಣ ಇದು.

ಎರಡನೆಯದು ಫೋನಿನದೇ ಸ್ಮೃತಿ. ಇಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಫೋನು ಬಾವಿಗೆ ಬಿದ್ದರೆ ಹೆಸರುಗಳೂ ಅದರ ಜೊತೆಗೆ ಬಾವಿಗೆ ಬಿದ್ದಂತೆ.

ಮೂರನೆಯದು ಗೂಗಲ್ ಖಾತೆ. ಇಲ್ಲಿಟ್ಟ ಹೆಸರುಗಳ ಪ್ರತಿ ಇಂಟರ್ನೆಟ್ಟಿನ ಮೂಲಕ ಹೋಗಿ ಆ ಕಂಪೆನಿಯ ಯಂತ್ರಗಳಲ್ಲಿ ಉಳಿಯುತ್ತದೆ. ಫೋನು ಕಳೆದುಹೋದರೂ ಹೊಸ ಫೋನಿನಲ್ಲಿ ಅದೇ ಖಾತೆಯನ್ನು ತೆರೆದರೆ ಹೆಸರುಗಳೆಲ್ಲ ಮರಳಿ ಬರುತ್ತವೆ. ಬೆಲೆಬಾಳುವ ನಂಬರುಗಳಿಗೆ ಇದೇ ತಕ್ಕ ಜಾಗ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಫೋನು ಕೊಂಡ ದಿನ ಅಂಗಡಿಯ ಹುಡುಗ ಏನೋ ಒಂದು ಖಾತೆಯನ್ನು ಮಾಡಿಕೊಟ್ಟಿರುತ್ತಾನೆ. ಅದರ ಹೆಸರೇನು, ಗುಪ್ತಪದವೇನು ಎಂಬುದು ಅವನಿಗೂ ನೆನಪಿಲ್ಲ, ನಮಗೂ ತಿಳಿಯದು. ಬೀಗದ ಕೈಯೇ ಇಲ್ಲದ ಪೆಟ್ಟಿಗೆಯಲ್ಲಿ ಭತ್ತ ತುಂಬಿಟ್ಟು ಏನು ಪ್ರಯೋಜನ? ಇಂದೇ ಮನೆಯ ಮಕ್ಕಳ ಸಹಾಯದಿಂದ ಆ ಖಾತೆಯ ವಿಳಾಸವನ್ನು ನೋಡಿಕೊಳ್ಳಿ. ಗುಪ್ತಪದ ತಿಳಿಯದಿದ್ದರೆ ಫೋನು ಕೈಯಲ್ಲಿರುವಾಗಲೇ ಬದಲಾಯಿಸಿ. ಎರಡನ್ನೂ ಪುಸ್ತಕದಲ್ಲಿ ಬರೆದು ಜಾಗದ ಕಾಗದಪತ್ರಗಳ ಜೊತೆಗೆ ಇಡತಕ್ಕದ್ದು.

ಒಂದು ಹೆಸರು ಯಾವ ಜಾಗದಲ್ಲಿದೆಯೆಂದು ತಿಳಿಯಲು ಅದನ್ನು ತೆರೆದು ಪೆನ್ಸಿಲಿನ ಚಿತ್ರವನ್ನು ಒತ್ತಿರಿ. ಹೆಚ್ಚಿನ ಫೋನುಗಳಲ್ಲಿ ಸಿಮ್, ಫೋನು ಅಥವಾ ಖಾತೆಯ ಗುರುತು ಅಲ್ಲಿಯೇ ಕಾಣುತ್ತದೆ.

ಯಾವುದನ್ನು ತೆಗೆಯಬೇಕು?

ಮೊತ್ತಮೊದಲು ತೆಗೆಯತಕ್ಕವು ಸತ್ತ ನಂಬರುಗಳು. ‘ಇದ್ದರೆ ಇರಲಿ, ಅದೇನು ಅನ್ನ ಕೇಳುತ್ತದೆಯೇ?’ ಎಂದು ಅನೇಕರು ಹೇಳುವುದುಂಟು. ಅನ್ನ ಕೇಳದಿರಬಹುದು, ಹಣ ಕೇಳುವ ಸಂಭವವಿದೆ. ಬಳಕೆಯಿಲ್ಲದೆ ರದ್ದಾದ ಮೊಬೈಲ್ ನಂಬರು ಶಾಶ್ವತವಾಗಿ ಸಾಯುವುದಿಲ್ಲ. ಕನಿಷ್ಠ 90 ದಿನಗಳವರೆಗೆ ಅದನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಿಳಿಸಿತ್ತು. ಆ ಮೇಲೆ ಅದು ಹೊಸಬರೊಬ್ಬರ ಕೈಗೆ ಹೋಗಬಹುದು. ನಮ್ಮ ಫೋನಿನಲ್ಲಿ ಮಾತ್ರ ಹಳೆಯವರ ಹೆಸರೇ ಇರುತ್ತದೆ.

ಇದರ ಅಪಾಯ ನಮಗೆ ಹಿಂದಿನ ವರ್ಷ ಕಂಡುಬಂತು. ಮದ್ದು ಬಿಟ್ಟವರ ಕೂಲಿ 2,400 ರೂಪಾಯಿಯನ್ನು ಫೋನಿನಿಂದಲೇ ಕಳಿಸಲು ಕುಳಿತೆವು. ಅವರ ಹೆಸರಿನಲ್ಲಿ ಎರಡು ನಂಬರುಗಳಿದ್ದವು. ಒಂದನ್ನು ಒತ್ತಿದೆವು. ಹಣ ಕಳಿಸುವ ಮುಂಚೆ ಪರದೆಯ ಮೇಲೆ ಬಂದ ಹೆಸರು ನಾವು ಕೇಳಿಯೇ ಅರಿಯದವರದು. ಕೈ ತಡೆದು, ಇನ್ನೊಂದು ನಂಬರಿಗೆ ಫೋನು ಮಾಡಿ ವಿಚಾರಿಸಿದರೆ, ಆ ಹಳೆಯ ಸಿಮ್ಮನ್ನು ಅವರು ಬಿಟ್ಟು ಎರಡು ವರ್ಷವಾಗಿತ್ತು. ಹಣ ಕಳಿಸುವಾಗ ಪರದೆಯ ಮೇಲೆ ಬರುವ ಬ್ಯಾಂಕಿನ ಹೆಸರನ್ನು ಓದದೆ ಗುಪ್ತಸಂಖ್ಯೆ ಒತ್ತಬಾರದೆಂದು ನಾವು ಅಂದೇ ನಿಶ್ಚಯಿಸಿದೆವು. ಆ ಹಳೆಯ ನಂಬರನ್ನೂ ಅಂದೇ ತೆಗೆದೆವು.

ಎರಡನೆಯದಾಗಿ ತೆಗೆಯಬೇಕಾದವು ಅವಳಿ ಹೆಸರುಗಳು. ಒಂದೇ ನಂಬರು ಹತ್ತು ಅಂಕಿಗಳಲ್ಲಿ ಒಮ್ಮೆ, ಮುಂದೆ ಸೊನ್ನೆ ಸೇರಿಸಿ ಒಮ್ಮೆ, ‘+91’ ಸೇರಿಸಿ ಒಮ್ಮೆ, ಹೀಗೆ ಮೂರು ಸಲ ಉಳಿದಿರುತ್ತದೆ. ಇವುಗಳಲ್ಲಿ ‘+91’ ಇರುವುದನ್ನು ಉಳಿಸುವುದು ಒಳ್ಳೆಯದು. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳು, ಅಳಿಯಂದಿರು ಅಲ್ಲಿಂದ ಒತ್ತಿದರೂ ಅದು ಸರಿಯಾಗಿ ನಮ್ಮ ದೇಶಕ್ಕೇ ಬರುತ್ತದೆ.

ಮೂರನೆಯದು ಊರ ಸಂಖ್ಯೆಯಿಲ್ಲದ ಹಳೆಯ ಸ್ಥಿರ ದೂರವಾಣಿಗಳು. ಕಾಸರಗೋಡಿನ 04994, ಮಂಗಳೂರಿನ 0824 ಮುಂದೆ ಇಲ್ಲದೆ ಮೊಬೈಲಿನಿಂದ ಆ ನಂಬರುಗಳು ತಾಗುವುದಿಲ್ಲ. ಇಂಥವನ್ನು ತೆಗೆಯಬೇಕೆಂದೇನಿಲ್ಲ; ತಿದ್ದಿದರೆ ಸಾಕು.

ನಾಲ್ಕನೆಯದು ಬಹಳ ಮುಖ್ಯ. ಬ್ಯಾಂಕಿನ ಎ.ಟಿ.ಎಂ. ಗುಪ್ತಸಂಖ್ಯೆ ಮರೆಯಬಾರದೆಂದು ಅದನ್ನು ಯಾರದೋ ಹೆಸರಿನಲ್ಲಿ ಫೋನು ನಂಬರಿನಂತೆ ಬರೆದಿಟ್ಟವರಿದ್ದಾರೆ. ಇದು ಕಳ್ಳನಿಗೆ ದಾರಿ ತೋರಿಸಿದಂತೆ. ಇದನ್ನು ಓದಿ ಮುಗಿಸುವ ಮೊದಲೇ ಅದನ್ನು ಅಳಿಸಿಬಿಡಿ.

ತೆಗೆಯುವ ಕ್ರಮ

ತೆಗೆಯುವುದಕ್ಕಿಂತ ಮೊದಲು ಒಂದು ಪ್ರತಿ ಇಡುವುದು ಜಾಣತನ. ಗೂಗಲಿನ ಕಾಂಟ್ಯಾಕ್ಟ್ಸ್ ಎಂಬ ಹೆಸರುಪಟ್ಟಿಯನ್ನು ತೆರೆಯಿರಿ. ಅದರ ಒಳಗೆ ‘ಫಿಕ್ಸ್ ಆ್ಯಂಡ್ ಮ್ಯಾನೇಜ್’ ಎಂಬ ವಿಭಾಗವಿರುತ್ತದೆ. ಹೊಸ ಫೋನುಗಳಲ್ಲಿ ‘ಆರ್ಗನೈಸ್’ ಎಂದಿರುತ್ತದೆ. ಅಲ್ಲಿ ‘ಎಕ್ಸ್‌ಪೋರ್ಟ್’ ಎಂಬುದನ್ನು ಒತ್ತಿದರೆ ಎಲ್ಲ ಹೆಸರುಗಳೂ ಒಂದೇ ಕಡತವಾಗಿ ಕೂಡಿ ಬರುತ್ತವೆ. ಅದನ್ನು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿ ಇಟ್ಟುಕೊಳ್ಳಿ. ಬಿತ್ತನೆಗೆ ಬೀಜ ತೆಗೆದಿಟ್ಟ ಮೇಲೆಯೇ ಭತ್ತ ಮಾರುವುದು ರೈತನ ಪದ್ಧತಿಯಷ್ಟೆ.

ಅನಂತರ ಸಿಮ್ಮಿನಲ್ಲಿರುವ ಹೆಸರುಗಳನ್ನು ಖಾತೆಗೆ ತಂದುಕೊಳ್ಳಬೇಕು. ಅದೇ ವಿಭಾಗದಲ್ಲಿ ‘ಸಿಮ್’ ಎಂಬ ಹೆಸರಿನ ಸಾಲು ಇದೆ. ಅದನ್ನು ಒತ್ತಿ, ಬೇಕಾದವನ್ನು ಆರಿಸಿ, ಖಾತೆಗೆ ಸೇರಿಸಿರಿ.

ಅವಳಿ ಹೆಸರುಗಳನ್ನು ಒಂದೊಂದಾಗಿ ತೆಗೆಯಬೇಕಾಗಿಲ್ಲ. ‘ಮರ್ಜ್’ ಎಂಬುದನ್ನು ಒತ್ತಿದರೆ ಒಂದೇ ಬಗೆಯವೆಂದು ತೋರುವ ಹೆಸರುಗಳನ್ನು ಫೋನು ತಾನೇ ಜೊತೆ ಮಾಡಿ ತೋರಿಸುತ್ತದೆ. ಆದರೆ ‘ಎಲ್ಲವನ್ನೂ ಕೂಡಿಸು’ ಎಂಬ ಆಜ್ಞೆಯನ್ನು ಕಣ್ಣುಮುಚ್ಚಿ ಕೊಡಬಾರದು. ನಮ್ಮ ಊರುಗಳಲ್ಲಿ ನಾರಾಯಣರು ಎಷ್ಟು ಮಂದಿ, ಅಬ್ದುಲ್ಲರು ಎಷ್ಟು ಮಂದಿ ಎಂಬುದು ಯಂತ್ರಕ್ಕೆ ತಿಳಿಯದು. ಒಂದೊಂದು ಜೊತೆಯನ್ನೂ ಓದಿ ನೋಡಿ ಒಪ್ಪಬೇಕು.

ಒಂದು ಹೆಸರನ್ನು ಅಳಿಸಲು ಅದನ್ನು ತೆರೆದು, ಮೇಲಿನ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ‘ಡಿಲೀಟ್’ ಎಂಬುದನ್ನು ಆರಿಸಬೇಕು. ಫೋನನ್ನು ಕನ್ನಡಕ್ಕೆ ಬದಲಾಯಿಸಿದ್ದರೆ ‘ಅಳಿಸಿ’ ಎಂದು ಇರುತ್ತದೆ. ಹಲವನ್ನು ಒಟ್ಟಿಗೆ ಅಳಿಸಲು ಮೊದಲ ಹೆಸರಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ. ಆಯ್ಕೆಯ ಗುರುತು ಬಂದ ಮೇಲೆ ಉಳಿದವನ್ನು ಒಂದೊಂದು ಸಲ ಮುಟ್ಟಿದರೆ ಸಾಕು. ಒಂದೇ ದಿನ ಇಡೀ ಪಟ್ಟಿಯನ್ನು ಮುಗಿಸುವ ಹಟ ಬೇಡ. ದಿನಕ್ಕೆ ಐವತ್ತು ಹೆಸರು ನೋಡಿದರೆ ಹತ್ತು ದಿನಗಳಲ್ಲಿ ಐನೂರು ಮುಗಿಯಿತು.

ಅಳಿಸಿದರೆ ಏನಾಗುವುದು, ಏನಾಗದು?

ಈ ವಿಷಯದಲ್ಲಿ ತಪ್ಪು ತಿಳುವಳಿಕೆ ಬಹಳವಿದೆ. ಹೆಸರನ್ನು ಅಳಿಸಿದ ಮಾತ್ರಕ್ಕೆ ಅವರು ನಮಗೆ ಫೋನು ಮಾಡುವುದು ನಿಲ್ಲುವುದಿಲ್ಲ. ಹೆಸರಿನ ಬದಲು ಬರಿಯ ನಂಬರು ಕಾಣುತ್ತದೆ, ಅಷ್ಟೆ. ಕರೆ ಬಾರದಂತೆ ತಡೆಯಬೇಕಾದರೆ ‘ಬ್ಲಾಕ್’ ಮಾಡಬೇಕು. ಅದು ಬೇರೆ ಕೆಲಸ. ಹಾಗೆಯೇ ವಾಟ್ಸ್ಆ್ಯಪ್ಪಿನಲ್ಲಿ ಅವರೊಡನೆ ನಡೆದ ಮಾತುಕತೆ, ಬಂದ ಚಿತ್ರಗಳು ಹೆಸರಿನೊಡನೆ ಅಳಿಯುವುದಿಲ್ಲ. ಕರೆಗಳ ಪಟ್ಟಿಯನ್ನು ಅಳಿಸಿದರೆ ಹೆಸರುಪಟ್ಟಿ ಅಳಿಯುವುದೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಒಂದೇ ಗೂಗಲ್ ಖಾತೆ ಎರಡು ಫೋನುಗಳಲ್ಲಿದ್ದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ. ನಮ್ಮ ಮಗ ಒಮ್ಮೆ ತನ್ನ ಕೈಯಲ್ಲಿದ್ದ ಹಳೆಯ ಫೋನಿನಿಂದ ‘ನನಗೆ ಬೇಡದ’ ಹೆಸರುಗಳನ್ನೆಲ್ಲ ತೆಗೆದ. ಮರುದಿನ ಅವನ ತಾಯಿಯ ಫೋನಿನಲ್ಲಿ ಹಾಲಿನ ಸೊಸೈಟಿಯಿಲ್ಲ, ಅಡಿಕೆ ಸುಲಿಯಲು ಬರುವವರಿಲ್ಲ, ತವರುಮನೆಯ ಅರ್ಧ ಮಂದಿಯಿಲ್ಲ! ಎರಡೂ ಫೋನುಗಳಲ್ಲಿದ್ದುದು ಒಂದೇ ಖಾತೆ. ಒಂದೇ ಬಾವಿಗೆ ಎರಡು ರಾಟೆ ಇದ್ದಂತೆ. ಯಾವ ಕಡೆಯಿಂದ ಸೇದಿದರೂ ನೀರು ಕಡಿಮೆಯಾಗುವುದು ಒಂದೇ ಬಾವಿಯದು.

ತಪ್ಪಿ ಅಳಿಸಿದರೆ

ಗಾಬರಿಪಡಬೇಕಾಗಿಲ್ಲ, ಆದರೆ ತಡಮಾಡಲೂ ಬಾರದು. ಗೂಗಲ್ ಖಾತೆಯಿಂದ ಅಳಿಸಿದ ಹೆಸರು ಕೂಡಲೇ ನಾಶವಾಗದೆ ‘ಬಿನ್’ ಅಥವಾ ‘ಟ್ರ್ಯಾಶ್’ ಎಂಬ ಕಸದ ತೊಟ್ಟಿಗೆ ಬೀಳುತ್ತದೆ. ಅಲ್ಲಿ 30 ದಿನ ಇರುತ್ತದೆ. ಹಿಂದೆ ಹೇಳಿದ ಅದೇ ವಿಭಾಗದಲ್ಲಿ ಆ ತೊಟ್ಟಿಯನ್ನು ತೆರೆದು, ಹೆಸರನ್ನು ಮುಟ್ಟಿ, ‘ರಿಕವರ್’ ಎಂದು ಒತ್ತಿದರೆ ಅದು ಮರಳಿ ಪಟ್ಟಿಗೆ ಬರುತ್ತದೆ. ನಮ್ಮ ಮನೆಯವರು ತಮ್ಮ ಹೆಸರುಗಳನ್ನು ಹೀಗೆಯೇ ಮರಳಿ ಪಡೆದರು. 30 ದಿನ ಕಳೆದ ಮೇಲೆ ಅಳಿಸಿದ್ದು ಅಳಿಸಿದಂತೆಯೇ. ಸಿಮ್ ಕಾರ್ಡಿನಿಂದ ಅಳಿಸಿದ ಹೆಸರು ಈ ತೊಟ್ಟಿಗೆ ಬೀಳುವುದೇ ಇಲ್ಲ. ಅದಕ್ಕಾಗಿಯೇ ಮೊದಲು ಪ್ರತಿ ತೆಗೆದಿಡಿ ಎಂದು ಹೇಳಿದ್ದು.

ಹೆಸರು ಬರೆಯುವ ಬಗೆ

ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದೊಂದು ವಿಶೇಷ ತೊಡಕು. ಹಿರಿಯರು ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ. ಮಲಯಾಳ ಮಾಧ್ಯಮದಲ್ಲಿ ಓದುವ ಮಕ್ಕಳು ಮಲಯಾಳದಲ್ಲಿ ಬರೆಯುತ್ತಾರೆ. ಅಂಗಡಿಯವರು ಬರೆದುಕೊಟ್ಟದ್ದು ಇಂಗ್ಲಿಷಿನಲ್ಲಿರುತ್ತದೆ. ಒಂದು ಲಿಪಿಯಲ್ಲಿ ಹುಡುಕಿದರೆ ಇನ್ನೊಂದು ಲಿಪಿಯಲ್ಲಿರುವ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಹೆಸರು ಪಟ್ಟಿಯಲ್ಲಿದ್ದೂ ಇಲ್ಲದಂತಾಗುತ್ತದೆ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಹೀಗಿದೆ. ಫೋನಿನಲ್ಲಿ ಹೆಸರಿಗೆ ಎರಡು ಅಂಕಣಗಳಿರುತ್ತವೆ. ಮೊದಲನೆಯದರಲ್ಲಿ ಕನ್ನಡದಲ್ಲಿಯೂ ಎರಡನೆಯದರಲ್ಲಿ ಮನೆಯ ಉಳಿದವರು ಓದುವ ಲಿಪಿಯಲ್ಲಿಯೂ ಬರೆದರೆ ಯಾವುದರಲ್ಲಿ ಹುಡುಕಿದರೂ ಸಿಕ್ಕುತ್ತದೆ. ಬರೆಯುವಾಗ ಮೊದಲು ಕೆಲಸ, ಆ ಮೇಲೆ ಹೆಸರು, ಕೊನೆಗೆ ಊರು ಎಂಬ ಕ್ರಮವನ್ನು ಇಟ್ಟುಕೊಳ್ಳಿ. ‘ಪಂಪು ನಾರಾಯಣ ಬದಿಯಡ್ಕ’, ‘ಮದ್ದು ಬಿಡುವ ಅಬ್ದುಲ್ಲ ಪೆರ್ಲ’, ‘ದನದ ಡಾಕ್ಟರ್ ಮುಳ್ಳೇರಿಯ’ ಎಂಬಂತೆ. ಪಂಪು ಎಂದು ಹುಡುಕಿದರೆ ಪಂಪಿನವರೆಲ್ಲ ಒಂದೇ ಕಡೆ ಬರುತ್ತಾರೆ. ‘ಹೊಸ ಸಾರ್’, ‘ಅವರ ತಮ್ಮ’, ‘ಬಸ್ಸಿನಲ್ಲಿ ಸಿಕ್ಕಿದವರು’ ಎಂಬ ಹೆಸರುಗಳು ಒಂದು ವರ್ಷದಲ್ಲಿ ಬರೆದವರಿಗೇ ಒಗಟಾಗುತ್ತವೆ.

ಇರಲೇಬೇಕಾದ ನಂಬರುಗಳು

ಕಸ ತೆಗೆದ ಮೇಲೆ ಉಳಿಯಬೇಕಾದವು ಉಳಿದಿವೆಯೇ ಎಂದು ನೋಡಬೇಕು. ಪೊಲೀಸು, ಬೆಂಕಿ, ಅಪಘಾತಗಳಿಗೆ 112. ಆಂಬುಲೆನ್ಸಿಗೆ 108. ಫೋನಿನ ಮೂಲಕ ಹಣ ಮೋಸಹೋದರೆ ಕೂಡಲೇ 1930. ಕೃಷಿಯ ಸಲಹೆಗೆ 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551, ಇದಕ್ಕೆ ಖರ್ಚಿಲ್ಲ. ಇವುಗಳ ಜೊತೆಗೆ ನಮ್ಮ ಪಂಚಾಯತಿನ ಕೃಷಿಭವನ, ಮೃಗಾಸ್ಪತ್ರೆ, ವಿದ್ಯುತ್ ಸೆಕ್ಷನ್ ಆಫೀಸು, ಕೂಡ್ಲಿನಲ್ಲಿರುವ ತೋಟದ ಬೆಳೆಗಳ ಸಂಶೋಧನಾಲಯ, ಅಡಿಕೆ ಕೊಡುವವರಿಗೆ ಹತ್ತಿರದ ಕ್ಯಾಂಪ್ಕೊ ಶಾಖೆ, ಇವುಗಳ ಪೂರ್ಣ ನಂಬರುಗಳನ್ನು ಕೇಳಿ ಬರೆದುಕೊಳ್ಳಿ.

ಪೂರ್ಣ ನಂಬರೇ ಏಕೆ? ಗಡಿಯ ಅಂಚಿನಲ್ಲಿರುವ ನಮ್ಮಲ್ಲಿ ಕೆಲವರ ಸಿಮ್ಮು ಕರ್ನಾಟಕದ್ದು, ಕೆಲವರದು ಕೇರಳದ್ದು. ಮೂರು ನಾಲ್ಕು ಅಂಕಿಗಳ ಚಿಕ್ಕ ನಂಬರು ಒತ್ತಿದಾಗ ಅದು ಆಚೆ ರಾಜ್ಯದ ಕಚೇರಿಗೆ ಹೋಗಲೂಬಹುದು. ಅಂಥ ನಂಬರು ಒತ್ತಿದಾಗ ಊರು, ಪಂಚಾಯತು, ಜಿಲ್ಲೆ ಮತ್ತು ರಾಜ್ಯವನ್ನು ಮೊದಲು ಹೇಳಿ, ಆ ಮೇಲೆ ಸಂಗತಿಯನ್ನು ಹೇಳಬೇಕು. ಮಕ್ಕಳಿಗೂ ಇದನ್ನು ಅಭ್ಯಾಸ ಮಾಡಿಸಿರಿ.

ಮನೆಯ ಮೂರು ನಾಲ್ಕು ಮುಖ್ಯ ಹೆಸರುಗಳಿಗೆ ನಕ್ಷತ್ರದ ಗುರುತು ಹಾಕಿದರೆ ಅವು ಪಟ್ಟಿಯ ಮೇಲ್ಗಡೆಗೆ ಬರುತ್ತವೆ. ಮರ ಹತ್ತುವವರು, ಒಂಟಿಯಾಗಿ ತೋಟಕ್ಕೆ ಹೋಗುವವರು ಇನ್ನೊಂದು ಕೆಲಸ ಮಾಡತಕ್ಕದ್ದು. ಹೆಚ್ಚಿನ ಫೋನುಗಳ ಸೆಟ್ಟಿಂಗ್ಸಿನಲ್ಲಿ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಎಂಬ ಭಾಗವಿದೆ. ಅಲ್ಲಿ ಮನೆಯವರ ನಂಬರನ್ನು ಕೊಟ್ಟು, ಬೀಗ ಹಾಕಿದ ಪರದೆಯಲ್ಲಿಯೂ ಕಾಣುವಂತೆ ಮಾಡಬಹುದು. ಅಪಘಾತವಾದಾಗ ಹತ್ತಿರ ಓಡಿಬಂದವರಿಗೆ ಫೋನಿನ ಬೀಗ ತೆರೆಯಲು ಬಾರದಿದ್ದರೂ ಯಾರನ್ನು ಕರೆಯಬೇಕೆಂದು ತಿಳಿಯುತ್ತದೆ.

ಬೇರೆಯವರ ಹೆಸರು ನಮ್ಮ ಜವಾಬ್ದಾರಿ

ನಮ್ಮ ಫೋನಿನಲ್ಲಿರುವ ಐನೂರು ನಂಬರುಗಳಲ್ಲಿ ನಮ್ಮದು ಒಂದೂ ಅಲ್ಲ. ಎಲ್ಲವೂ ನಮ್ಮನ್ನು ನಂಬಿ ಬೇರೆಯವರು ಕೊಟ್ಟವು. ಕೆಲವು ಆ್ಯಪುಗಳು ಫೋನಿಗೆ ಸೇರುವಾಗ ‘ಹೆಸರುಪಟ್ಟಿಯನ್ನು ನೋಡಲು ಅನುಮತಿ ಕೊಡುವಿರಾ?’ ಎಂದು ಕೇಳುತ್ತವೆ. ನಾವು ಓದದೆ ಒಪ್ಪಿಬಿಡುತ್ತೇವೆ. ಒಡನೆ ಸಾಲ ಕೊಡುವೆವೆಂದು ಬರುವ ಆ್ಯಪುಗಳಲ್ಲಿ ಕೆಲವು ಈ ಪಟ್ಟಿಯನ್ನು ತೆಗೆದುಕೊಂಡು, ಕಂತು ತಪ್ಪಿದಾಗ ಸಾಲಗಾರನ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾನ ಕಳೆದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಆದಕಾರಣ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ, ಸಾಲದ ಆ್ಯಪುಗಳು ಹೆಸರುಪಟ್ಟಿಯನ್ನು ಮುಟ್ಟಬಾರದೆಂದು ನಿಯಮ ಮಾಡಿತು. ಹೀಗಿರಲು ಸಾಲ ಕೊಡುವ ಆ್ಯಪು ಹೆಸರುಪಟ್ಟಿಯನ್ನು ಕೇಳಿದರೆ ಅದು ನ್ಯಾಯದ ದಾರಿಯದಲ್ಲವೆಂದು ತಿಳಿದು ಅಲ್ಲಿಯೇ ಬಿಟ್ಟುಬಿಡತಕ್ಕದ್ದು.

ಹಾಗೆಯೇ ನಾವು ನಮ್ಮ ನಂಬರನ್ನು ಬದಲಾಯಿಸಿದಾಗ ಬ್ಯಾಂಕು, ಆಧಾರ್, ರೇಷನ್ ಕಾರ್ಡು, ಕೃಷಿಭವನ, ಹಾಲಿನ ಸೊಸೈಟಿ ಇವುಗಳಲ್ಲೆಲ್ಲ ಹೊಸ ನಂಬರನ್ನು ಸೇರಿಸಿದ ಮೇಲೆಯೇ ಹಳೆಯ ಸಿಮ್ಮನ್ನು ಬಿಡಬೇಕು. ಇಲ್ಲವಾದರೆ ಮುಂದೆ ಆ ನಂಬರು ಪಡೆದವರ ಕೈಗೆ ನಮ್ಮ ಬ್ಯಾಂಕಿನ ಸಂದೇಶಗಳು ಹೋಗುವ ಸಂಭವವಿದೆ.

ಕೊನೆಯದಾಗಿ

ಅಳಿಸಲು ಕೈ ಬಾರದ ಹೆಸರುಗಳೂ ಇರುತ್ತವೆ. ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ಅವರ ನಂಬರು ‘ಅಪ್ಪ’ ಎಂಬ ಹೆಸರಿನಲ್ಲಿ ನಮ್ಮ ಪಟ್ಟಿಯ ತುದಿಯಲ್ಲಿಯೇ ಇತ್ತು. ತೆಗೆಯಬೇಕೆಂದು ನಮಗೆ ಎಂದೂ ತೋರಲಿಲ್ಲ. ಈಚೆಗೆ ಒಂದು ಸಂಜೆ ವಾಟ್ಸ್ಆ್ಯಪ್ಪಿನಲ್ಲಿ ಆ ಹೆಸರಿನ ಪಕ್ಕದಲ್ಲಿ ಅಪರಿಚಿತ ಯುವಕನೊಬ್ಬನ ಭಾವಚಿತ್ರ ಕಂಡಿತು. ಬೈಕಿನ ಮೇಲೆ ಕುಳಿತು ನಗುತ್ತಿದ್ದ. ಆ ನಂಬರು ಈಗ ಅವನದು. ಅವನದೇನೂ ತಪ್ಪಿಲ್ಲ.

ಅಂದು ರಾತ್ರಿ ನಾವು ತಂದೆಯವರ ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು, ಅವರ ಅಕ್ಷರದ ಕೆಳಗೆ ಆ ನಂಬರನ್ನು ಬರೆದಿಟ್ಟೆವು. ಆ ಬಳಿಕ ಫೋನಿನಿಂದ ಅಳಿಸಿದೆವು. ನೆನಪಿಗೆ ಪುಸ್ತಕ ಸಾಕು. ಫೋನಿನ ಪಟ್ಟಿ ಬದುಕಿರುವವರ ಕೆಲಸಕ್ಕೆ ಇರಲಿ.

ಆಟಿ ತಿಂಗಳಲ್ಲಿ ಮಳೆ ಹಿಡಿದು ತೋಟಕ್ಕೆ ಇಳಿಯಲಾಗದ ದಿನಗಳು ನಮಗೆಲ್ಲರಿಗೂ ಸಿಕ್ಕುತ್ತವೆ. ಅಂಥ ಹತ್ತು ದಿನ ಚಾವಡಿಯಲ್ಲಿ ಕುಳಿತು, ಮನೆಯ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಈ ಕೆಲಸ ಮಾಡಿ ಮುಗಿಸಿರಿ. ಮುಗಿದ ಮೇಲೆ ಫೋನನ್ನು ಮಗುವಿನ ಕೈಗೆ ಕೊಟ್ಟು, ‘ದನದ ಡಾಕ್ಟರ ನಂಬರು ಹುಡುಕು ನೋಡುವಾ’ ಎಂದು ಹೇಳಿರಿ. ಮಗು ಕೂಡಲೇ ಹುಡುಕಿ ತೋರಿಸಿದರೆ ನಿಮ್ಮ ಪಟ್ಟಿ ಶುದ್ಧವಾಗಿದೆಯೆಂದು ತಿಳಿಯಬಹುದು.